ಕೋಟೆಯವನ ಕ್ಯಾಮೆರಾ, ಪೇಟೆಯವನ ಕೈ

"ಗುರುಗಳೇ, ಈ ಎರಡರಲ್ಲಿ ಯಾವ ಕ್ಯಾಮೆರಾ ಕೊಳ್ಳಲಿ?" ಎಂದು ಓಬಳೇಶ ಕೇಳಿದ.

ಕೇಳಿದ್ದು ರುದ್ರಯ್ಯನವರನ್ನು. ಅವರು ಬಹಳ ಕಾಲ ಸ್ಟುಡಿಯೋ ನಡೆಸಿದವರು. ಈಗ ಮನೆಯ ಜಗಲಿಯ ಮೇಲೆ ಕುಳಿತು, ಕಲಿಯಬೇಕೆಂದು ಬಂದವರಿಗೆ ಫೋಟೋ ತೆಗೆಯುವುದನ್ನು ಹೇಳಿಕೊಡುತ್ತಿದ್ದರು. ಓಬಳೇಶ ಅವರ ಶಿಷ್ಯರಲ್ಲಿ ಚುರುಕಾದವನು. ಚುರುಕಾದವರಿಗೆ ಇರುವ ಕಷ್ಟ ಅವನಿಗೂ ಇತ್ತು. ಯಾವುದನ್ನೂ ಅಳೆಯದೆ ನಂಬುತ್ತಿರಲಿಲ್ಲ. ಎರಡು ಕಂಪನಿಗಳ ಎರಡು ಕ್ಯಾಮೆರಾಗಳನ್ನು ಪರಿಚಯದವರಿಂದ ಕೇಳಿ ತಂದು ಬೇಸಿಗೆಯೆಲ್ಲ ಪರೀಕ್ಷೆ ಮಾಡಿದ್ದ. ಈಗ ಲ್ಯಾಪ್‌ಟಾಪನ್ನು ಗುರುಗಳ ಮುಂದೆ ತೆರೆದಿಟ್ಟು ಎರಡು ಚಿತ್ರಗಳನ್ನು ಅಕ್ಕಪಕ್ಕ ತೋರಿಸಿದ.

ಎರಡರಲ್ಲೂ ಇದ್ದದ್ದು ಒಂದೇ ನೋಟ. ಬಿಸಿಲು ಹೊಡೆಯುವ ಸುಣ್ಣದ ಗೋಡೆ, ಅದರ ಮುಂದೆ ಹರಡಿ ಹಿಡಿದ ಒಂದು ಕರಿ ಕಂಬಳಿ.

"ಗೋಡೆ ತೀರ ಬೆಳಕು, ಕಂಬಳಿ ತೀರ ಕಪ್ಪು. ಎರಡನ್ನೂ ಒಟ್ಟಿಗೆ ಹಿಡಿಯೋದು ಸೆನ್ಸರಿಗೆ ಕಷ್ಟದ ಕೆಲಸ ಗುರುಗಳೇ. ಇದರಲ್ಲಿ ನೋಡಿ, ಉಣ್ಣೆಯ ಎಳೆ ಎಳೆ ಕಾಣುತ್ತೆ. ಅದರಲ್ಲಿ ಸ್ವಲ್ಪ ಕಲಸಿದ ಹಾಗಿದೆ. ಆದರೆ ಫೋಕಸ್ ಹಿಡಿಯೋದರಲ್ಲಿ ಅದೇ ಮೇಲು. ಯಾವುದನ್ನ ತಗೊಂಡರೂ ಇನ್ನೊಂದನ್ನ ಬಿಟ್ಟ ಹಾಗಾಗುತ್ತೆ."

ರುದ್ರಯ್ಯನವರು ಕನ್ನಡಕವನ್ನು ಹಣೆಯ ಮೇಲೇರಿಸಿ ಪರದೆಯ ಹತ್ತಿರ ಬಗ್ಗಿದರು. ಚಿತ್ರದ ಅಂಚಿನಲ್ಲಿ ಒಂದು ಕಡೆ ಬೆರಳಿಟ್ಟರು.

"ಕಂಬಳಿಯ ಅಂಚಿನಲ್ಲಿ ಇದೇನು? ಬೆರಳಲ್ಲವೇ?"

"ಹೂಂ, ನಮ್ಮಪ್ಪಂದು. ಕಂಬಳಿ ಹಿಡ್ಕೊಂಡು ನಿಂತಿದ್ರು. ಅಂಚು ಕತ್ತರಿಸಿದ್ರೆ ಹೋಗುತ್ತೆ, ಪರೀಕ್ಷೆಗೇನೂ ತೊಂದರೆ ಇಲ್ಲ."

ರುದ್ರಯ್ಯನವರು ಸರಿ ಎಂಬಂತೆ ತಲೆಯಾಡಿಸಿದರು. ಕಾಲು ಮಡಿಚಿ ಕಂಬಕ್ಕೆ ಒರಗಿಕೊಂಡು, "ಒಂದು ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರು. ಹಳೆಯ ಊರೆಂದ ಮೇಲೆ ಕೋಟೆ ಒಂದು ಕಡೆ, ಪೇಟೆ ಒಂದು ಕಡೆ. ಕೋಟೆಯಲ್ಲಿ ಒಬ್ಬ ಛಾಯಾಗ್ರಾಹಕನಿದ್ದ, ಪೇಟೆಯಲ್ಲಿ ಒಬ್ಬ. ಅಪ್ಪ ಅಮ್ಮ ಇಟ್ಟ ಹೆಸರು ಇಬ್ಬರಿಗೂ ಇತ್ತು. ಊರಿನವರು ಮಾತ್ರ ಕೋಟೆಯವನು, ಪೇಟೆಯವನು ಎಂದೇ ಕರೆಯುತ್ತಿದ್ದರು. ನಮಗೂ ಅಷ್ಟೇ ಸಾಕು.

ಇಬ್ಬರೂ ಒಂದೇ ಕಸುಬಿನವರು, ಆದರೂ ಗೆಳೆಯರು. ಹಾಗೆ ಆಗುವುದು ಅಪರೂಪ, ಆದರೆ ಆಗುತ್ತದೆ. ಒಬ್ಬನ ಫ್ಲ್ಯಾಶ್ ಕೆಟ್ಟರೆ ಇನ್ನೊಬ್ಬ ತನ್ನದನ್ನು ಕಳಿಸುತ್ತಿದ್ದ. ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಂದರೆ ಹಂಚಿಕೊಳ್ಳುತ್ತಿದ್ದರು. ದಿನಾ ಸಂಜೆ ಚಹಾದಂಗಡಿಯಲ್ಲಿ ಸೇರುತ್ತಿದ್ದರು, ಸೇರಿದ ಕೂಡಲೇ ಜಗಳಕ್ಕೆ ಬೀಳುತ್ತಿದ್ದರು. ಜಗಳ ಯಾವಾಗಲೂ ಒಂದೇ: ಯಾರ ಕ್ಯಾಮೆರಾ ಮೇಲು?

ಕೋಟೆಯವನು ಹಿಡಿದದ್ದು ಒಂದು ಕಂಪನಿ, ಪೇಟೆಯವನು ಹಿಡಿದದ್ದು ಇನ್ನೊಂದು. ಒಂದರ ಲೆನ್ಸ್ ಇನ್ನೊಂದಕ್ಕೆ ಕೂರುವುದಿಲ್ಲ. ಒಂದರ ಬ್ಯಾಟರಿ ಇನ್ನೊಂದಕ್ಕೆ ಹೋಗುವುದಿಲ್ಲ. ಒಂದರಲ್ಲಿ ಲೆನ್ಸಿನ ರಿಂಗನ್ನು ಬಲಕ್ಕೆ ತಿರುಗಿಸಿದರೆ ದೂರದ್ದು ಹತ್ತಿರ ಬರುತ್ತದೆ. ಇನ್ನೊಂದರಲ್ಲಿ ಅದೇ ಬಲಕ್ಕೆ ತಿರುಗಿಸಿದರೆ ಹತ್ತಿರದ್ದು ದೂರ ಹೋಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಒಮ್ಮೆ ಒಂದು ಮನೆತನ ಸೇರಿದವನು ಸುಲಭವಾಗಿ ಆಚೆ ಹೋಗಲಾರ.

ಕ್ಯಾಮೆರಾದೊಳಗೆ ಬೆಳಕು ಬಿದ್ದು ಚಿತ್ರವಾಗುವ ಒಂದು ಬಿಲ್ಲೆ ಇರುತ್ತದೆ. ಸೆನ್ಸರ್ ಅಂದರೆ ಅದೇ. ಕೋಟೆಯವನದು ದೊಡ್ಡ ಬಿಲ್ಲೆ. ಕತ್ತಲಲ್ಲಿ ಇದ್ದದ್ದನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಮೇಲೆತ್ತಿದರೆ, ಬರಿ ಕಪ್ಪಾಗಿ ಕಂಡ ಜಾಗದಿಂದ ಗೋಡೆ, ಗೂಟ, ಗೂಟಕ್ಕೆ ನೇತುಹಾಕಿದ ಅಂಗಿ ಎಲ್ಲ ಎದ್ದು ಬರುತ್ತಿದ್ದವು. ಪೇಟೆಯವನದು ಸಣ್ಣ ಬಿಲ್ಲೆ. ಅದರಲ್ಲಿ ನೆರಳನ್ನು ಎತ್ತಿದರೆ ರವೆ ಚೆಲ್ಲಿದ ಹಾಗೆ ಕಾಳು ಕಾಳು ಏಳುತ್ತಿತ್ತು. ಆದರೆ ಓಡುವ ಮಗುವನ್ನು, ಹಾರುವ ಕೋಳಿಯನ್ನು ಆ ಕ್ಯಾಮೆರಾ ಕಣ್ಣು ಮಿಟುಕಿಸುವುದರೊಳಗೆ ಹಿಡಿಯುತ್ತಿತ್ತು.

"ನಿನ್ನದು ಕತ್ತಲನ್ನ ನೋಡುತ್ತೆ, ನನ್ನದು ಮನುಷ್ಯರನ್ನ ನೋಡುತ್ತೆ" ಎಂದು ಪೇಟೆಯವನು ಹಂಗಿಸುತ್ತಿದ್ದ.

"ಮನುಷ್ಯರಿಗೆ ನೆರಳಿಲ್ಲವೇನಯ್ಯ?" ಎಂದು ಕೋಟೆಯವನು ತಿರುಗಿಸಿ ಕೊಡುತ್ತಿದ್ದ.

ಆ ಊರಿನಲ್ಲಿ ಕಪ್ಪಗಿದ್ದ ಯಾವುದೂ ಇವರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಇದ್ದಿಲ ಮೂಟೆ, ಎಮ್ಮೆ, ಕೊಡೆ, ಹಿಟ್ಟಿನ ಗಿರಣಿಯ ಹಿಂದಿನ ಮೂಲೆ, ಎಲ್ಲದರ ಚಿತ್ರವೂ ಎರಡೆರಡು ಇತ್ತು. ಒಂದು ದಿನ ಇಬ್ಬರೂ ಲೆನ್ಸಿಗೆ ಮುಚ್ಚಳ ಹಾಕಿಯೇ ಚಿತ್ರ ತೆಗೆದು, ಯಾರ ಕತ್ತಲು ಹೆಚ್ಚು ಶುಭ್ರ ಎಂದು ವಾದಿಸುತ್ತ ಕುಳಿತರು. ಇದು ಆ ಕಸುಬಿನವರಿಗೆ ಮಾತ್ರ ಹಿಡಿಯುವ ಹುಚ್ಚು. ಚಹಾದಂಗಡಿಯವಳು ಎರಡೂ ಕರಿ ಚಿತ್ರಗಳನ್ನು ನೋಡಿ, "ಇದಕ್ಕೆ ಕ್ಯಾಮೆರಾ ಯಾಕಣ್ಣ? ಕಣ್ಣು ಮುಚ್ಚಿಕೊಂಡ್ರೆ ಸಾಕಲ್ಲ" ಎಂದು ಲೋಟ ಎತ್ತಿಕೊಂಡು ಹೋದಳು.

ನೀನು ನಗಬೇಡ ಓಬಳೇಶ. ಅಳೆಯುವುದು ತಪ್ಪಲ್ಲ. ಅಕ್ಕಸಾಲಿಗ ಅಳೆಯದಿದ್ದರೆ ಚಿನ್ನ ಯಾವುದು, ಹಿತ್ತಾಳೆ ಯಾವುದು? ಕೋಟೆಯವನ ಬಿಲ್ಲೆ ನಿಜವಾಗಿಯೂ ಒಳ್ಳೆಯದಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಪೇಟೆಯವನಿಗೂ ಅದು ಗೊತ್ತಿತ್ತು, ಬಾಯಿಬಿಟ್ಟು ಒಪ್ಪುತ್ತಿರಲಿಲ್ಲ ಅಷ್ಟೇ.

ಕೋಟೆಯವನಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದ ದಿನವೇ ಅವನು ಒಂದು ಚಿತ್ರ ತೆಗೆದಿದ್ದ. ಬಲಗೈಯಲ್ಲಿ ಕ್ಯಾಮೆರಾ ಹಿಡಿದು, ಎಡಗೈ ಬೆರಳನ್ನು ಕೂಸಿನ ಅಂಗೈಗೆ ಕೊಟ್ಟಿದ್ದ. ಕೂಸು ಆ ಬೆರಳನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡಿತ್ತು. ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಮನೆಯ ನಡುಗೋಡೆಗೆ ತೂಗುಹಾಕಿದ. ಆಮೇಲೆ ಅವಳು ಬೋರಲು ಬಿದ್ದದ್ದು, ತೆವಳಿದ್ದು, ಮೊದಲ ಸಲ ಶಾಲೆಗೆ ಹೋದದ್ದು, ಸೈಕಲ್ಲಿನಿಂದ ಬಿದ್ದು ಅತ್ತದ್ದು, ಒಂದನ್ನೂ ಬಿಡಲಿಲ್ಲ. ಬಿದ್ದ ಮಗುವನ್ನು ಎತ್ತುವ ಮೊದಲು ಫೋಟೋ ತೆಗೆದ ಎಂದು ಹೆಂಡತಿ ಮೂರು ದಿನ ಬೈದಳು. ಆ ಮಗಳು ಬೆಳೆದದ್ದೇ ಒಂದು ಮಾತು ಕೇಳುತ್ತ: "ಇತ್ತ ನೋಡು ಮಗಳೇ."

ಅವಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು, ಊರೂ ದೂರವಲ್ಲ. ಎಲ್ಲರಿಗೂ ಸಂತೋಷ. ಕೋಟೆಯವನಿಗೂ ಸಂತೋಷವೇ, ಆದರೆ ಅದರ ಬೆನ್ನಿಗೇ ಒಂದು ಚಿಂತೆ ಹತ್ತಿಕೊಂಡಿತು. ಧಾರೆಯ ಚಿತ್ರ ತೆಗೆಯುವವರು ಯಾರು?

ಆ ಮನೆಯವರ ಪದ್ಧತಿಯಲ್ಲಿ ಧಾರೆ ಎರೆಯುವಾಗ ವರನ ಕೈಯ ಮೇಲೆ ವಧುವಿನ ಕೈ, ಅದರ ಮೇಲೆ ತೆಂಗಿನಕಾಯಿ. ಎಲ್ಲಕ್ಕೂ ಕೆಳಗೆ ಹೆಣ್ಣಿನ ತಂದೆಯ ಎರಡೂ ಕೈ ಆಸರೆಯಾಗಿ ಇರಬೇಕು. ತಾಯಿ ಕಾಯಿಯ ಮೇಲೆ ಹಾಲು ಎರೆಯಬೇಕು. ಹಾಲು ಆ ಕೈಗಳ ಮೇಲಿಂದ ಇಳಿದು ಹೋಗುವುದರೊಳಗೆ ಮಗಳು ಆ ಮನೆಯವಳಾಗುತ್ತಾಳೆ. ಕೋಟೆಯವನಿಗೆ ಆ ಹಾಲು ಬೀಳುವ ಕೈಗಳ ಚಿತ್ರ ಬೇಕಿತ್ತು. ಹುಟ್ಟಿದ ದಿನದ ಮುಷ್ಟಿಯ ಪಕ್ಕದಲ್ಲಿ ಅದನ್ನು ತೂಗುಹಾಕಬೇಕೆಂದು ಅವನು ಎಷ್ಟೋ ವರ್ಷದ ಹಿಂದೆಯೇ ಗೋಡೆಗೆ ಮೊಳೆ ಹೊಡೆದಿಟ್ಟಿದ್ದ. ಮೊಳೆ ಖಾಲಿಯೇ ಇತ್ತು.

ಮದುವೆಗಳಲ್ಲಿ ಫೋಟೋದವರು ಮಾಡುವುದು ನಿನಗೆ ಗೊತ್ತಲ್ಲ. ಚಿತ್ರ ಕೈತಪ್ಪಿದರೆ "ಸಾರ್, ಇನ್ನೊಂದು ಸಲ ಎರೀರಿ" ಅಂತಾರೆ. ಕೋಟೆಯವನೂ ಜನ್ಮವೆಲ್ಲ ಅದನ್ನೇ ಹೇಳಿದವನು. ತನ್ನ ಮಗಳ ಧಾರೆಯಲ್ಲಿ ಮಾತ್ರ ಆ ಮಾತು ಬರಬಾರದು ಎಂದು ನಿಶ್ಚಯಿಸಿದ. "ನನ್ನ ಮಗಳನ್ನ ಒಂದೇ ಸಲ ಕೊಡೋದು. ಫೋಟೋಕ್ಕೋಸ್ಕರ ಎರಡನೇ ಸಲ ಕೊಡಲ್ಲ" ಎಂದ.

ಹಾಗಾದರೆ ಒಂದೇ ಸಲದಲ್ಲಿ ಚಿತ್ರ ತೆಗೆಯಬಲ್ಲವನು ಬೇಕು. ಅಂಥವನು ಆ ಊರಲ್ಲಿ ಇನ್ನೊಬ್ಬನೇ. ಕೋಟೆಯವನು ಪೇಟೆಗೆ ಹೋದ.

"ಮಗಳ ಮದುವೆಗೆ ನೀನೇ ಬರಬೇಕು" ಎಂದ.

"ಇದನ್ನ ಹೇಳೋಕೆ ಇಲ್ಲಿಗಂಟ ಬಂದ್ಯಾ? ನೀನು ಕರೀದಿದ್ರೂ ಬರ್ತಿದ್ದೆ" ಎಂದ ಪೇಟೆಯವನು.

"ಆದರೆ ನನ್ನ ಕ್ಯಾಮೆರಾದಲ್ಲಿ ತೆಗೀಬೇಕು."

ಪೇಟೆಯವನು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ, "ನನ್ನ ಕೈ ನಿನ್ನ ಕ್ಯಾಮೆರಾಕ್ಕೆ ಒಗ್ಗಿಲ್ಲ ಕಣೋ" ಎಂದ.

"ಹಾಲು ಬಿಳಿ, ಬಿಸಿಲು ಬಿಳಿ. ಚಪ್ಪರದೊಳಗೆ ಉಳಿದದ್ದೆಲ್ಲ ನೆರಳು. ಹಾಲಿಗೆ ಬೆಳಕು ಹೊಂದಿಸಿದ್ರೆ ನಿನ್ನ ಬಿಲ್ಲೇಲಿ ನನ್ನ ಮಗಳ ಕೂದಲೆಲ್ಲ ರವೆ ಉಂಡೆ ಆಗ್ತವೆ. ಅದು ನಿನಗೂ ಗೊತ್ತು."

ಅದು ಅವನಿಗೂ ಗೊತ್ತಿತ್ತು. ಗೆಳೆಯನ ಮಗಳೆಂದರೆ ತನ್ನ ಮಗಳೇ. ಅವನು ಒಪ್ಪಿದ. ಕ್ಯಾಮೆರಾವನ್ನು ಮುಂಚೆಯೇ ತಂದು ಇಟ್ಟುಕೊಂಡು, ಅಂಗಡಿಯ ಮುಂದೆ ಹೋಗಿಬರುವ ಎತ್ತು, ಆಟೋ, ಸೊಪ್ಪಿನವಳು ಎಲ್ಲರ ಮೇಲೂ ಅಭ್ಯಾಸ ಮಾಡಿದ. ರಿಂಗನ್ನು ಎಡಕ್ಕೆ, ಎಡಕ್ಕೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ತಿರುಗಿಸಿದ. ಜಾಣ ಕೈ, ಬೇಗ ಕಲಿಯಿತು.

ಕೋಟೆಯವನು ಸುಮ್ಮನೆ ಕೂರುವ ಪೈಕಿಯಲ್ಲ. ಮನೆಯ ಮುಂದೆ ಚಪ್ಪರ ಎದ್ದ ದಿನದಿಂದ, ಮುಹೂರ್ತದ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿದ. ಧಾರೆಯ ಕೈಗಳ ಮೇಲೆ ಮಾತ್ರ ಬಿಸಿಲು ಬೀಳುವಂತೆ ಮೇಲಿನ ಗರಿಯೊಂದನ್ನು ಸರಿಸಿ ಕಿಂಡಿ ಮಾಡಿದ. ಹಸೆಮಣೆಯನ್ನು ಒಂದು ಗೇಣು ಸರಿಸಿದ. ಪುರೋಹಿತರು ಬಂದು ಅದನ್ನು ಮತ್ತೆ ಹಳೆಯ ಜಾಗಕ್ಕೆ ಇಟ್ಟರು. ಅವರು ಆಚೆ ಹೋದ ಮೇಲೆ ಇವನು ಮತ್ತೆ ಸರಿಸಿದ. ಬೀಗರ ಕಡೆಯವರು ಇದನ್ನು ಶಾಸ್ತ್ರವೆಂದೇ ತಿಳಿದರು.

ಮದುವೆಗೆ ಸ್ವಲ್ಪ ಮೊದಲು, ಮಗಳು ಗಂಡನ ಮನೆಗೆ ಒಯ್ಯಲು ಹಳೆಯ ಚಿತ್ರಗಳನ್ನು ಆರಿಸುತ್ತ ಕುಳಿತಿದ್ದಳು. ಅಪ್ಪ ಪಕ್ಕದಲ್ಲೇ ಲೆನ್ಸು ಒರೆಸುತ್ತಿದ್ದ.

"ಅಪ್ಪ, ಇಷ್ಟರಲ್ಲಿ ಒಂದರಲ್ಲೂ ನೀನಿಲ್ಲ" ಎಂದಳು.

"ನಾನಿಲ್ಲದೆ ಇವೆಲ್ಲ ಬಂದದ್ದು ಎಲ್ಲಿಂದ?" ಎಂದು ಅವನು ನಕ್ಕ.

ಮಗಳು ಎದ್ದು ಗೋಡೆಯ ಮೇಲಿನ ಚೌಕಟ್ಟಿನ ಹತ್ತಿರ ಹೋದಳು. "ಇದರಲ್ಲಿ ಇದ್ದೀಯಪ್ಪ. ಬೆರಳಷ್ಟು" ಎಂದಳು. ಅವನು ಲೆನ್ಸನ್ನು ಬೆಳಕಿಗೆ ಹಿಡಿದು ಧೂಳು ನೋಡುತ್ತಿದ್ದ. ಮಾತು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ.

ಮುಹೂರ್ತ ಬಂತು. ಬಿಸಿಲು ಕಿಂಡಿಯಿಂದ ಇಳಿದು ಅವನು ಬೇಡಿದ ಜಾಗಕ್ಕೇ ಬಿತ್ತು. ತಲೆಗೆ ಸುತ್ತಿದ ಪೇಟ ಒಂದು ಕಡೆ ವಾಲಿದ್ದನ್ನೂ ಗಮನಿಸದೆ ಅವನು ಮಗಳ ಕೈ ಕೆಳಗೆ ತನ್ನ ಎರಡೂ ಕೈ ಇಟ್ಟ. ಹೆಂಡತಿ ಹಾಲಿನ ಗಿಂಡಿ ಎತ್ತಿದಳು. ಎದುರಿಗೆ ಪೇಟೆಯವನು ಮೊಣಕಾಲೂರಿ ಕ್ಯಾಮೆರಾ ಕಣ್ಣಿಗಿಟ್ಟುಕೊಂಡ. ವಾದ್ಯದವರಿಗೆ ಸನ್ನೆಯಾಯಿತು. ಗಟ್ಟಿಮೇಳ ಎದ್ದಿತು.

ಗಟ್ಟಿಮೇಳವೆಂದರೆ ನಿನಗೆ ಗೊತ್ತಲ್ಲ, ಎದೆಯೊಳಗೇ ಬಾರಿಸಿದ ಹಾಗಿರುತ್ತದೆ. ಆ ಸದ್ದಿಗೆ ಪೇಟೆಯವನ ತಲೆ ಕಲಿತದ್ದನ್ನು ಮರೆಯಿತು. ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಹತ್ತಿರ ತರಬೇಕೆಂದು ರಿಂಗನ್ನು ಬಲಕ್ಕೆ ತಿರುಗಿಸಿತು.

ಕೋಟೆಯವನು ಅದನ್ನು ಕಣ್ಣಾರೆ ಕಂಡ. ಅಷ್ಟು ದೂರದಿಂದಲೂ, ಅಷ್ಟು ಗದ್ದಲದಲ್ಲೂ, ಆ ಎಡಗೈ ಯಾವ ಕಡೆ ತಿರುಗಿತು ಎಂದು ಅವನಿಗೆ ಕಂಡಿತು. ಕೈಗಳು ಹತ್ತಿರ ಬರುವ ಬದಲು ಇಡೀ ಚಪ್ಪರ ದೂರ ಹೋಗುತ್ತಿದೆ ಎಂದು ತಿಳಿಯಿತು. "ಎಡಕ್ಕೆ!" ಎಂದು ಕೂಗಿದ. ವಾದ್ಯದಲ್ಲಿ ಯಾರಿಗೂ ಕೇಳಲಿಲ್ಲ. ಕೈ ಬೀಸಿ ಹೇಳೋಣವೆಂದರೆ ಕೈ ಮಗಳ ಕೈ ಕೆಳಗಿದೆ. ಕತ್ತು ಚಾಚಿದ, ಹುಬ್ಬು ಹಾರಿಸಿದ, ಗದ್ದದಿಂದ ಎಡಕ್ಕೆ ತೋರಿಸಿದ. ಪೇಟೆಯವನು ಅದನ್ನು ಕಂಡರೂ ಏನೂ ಅರ್ಥವಾಗದೆ, ಗಾಬರಿಯಲ್ಲಿ ಇನ್ನೂ ಬಲಕ್ಕೇ ತಿರುಗಿಸುತ್ತ ಚಟಚಟನೆ ತೆಗೆಯುತ್ತಲೇ ಇದ್ದ.

"ಯಜಮಾನರೇ, ಕೈ ಅಲ್ಲಾಡಿಸಬೇಡಿ" ಎಂದರು ಪುರೋಹಿತರು.

ಹಾಲು ಬೀಳತೊಡಗಿತು. ಅವನ ಮುಖ ಇನ್ನೂ ಕ್ಯಾಮೆರಾದ ಕಡೆಗೇ ಇತ್ತು. ಆಗ ಮಗಳು ಸ್ವಲ್ಪ ಬಗ್ಗಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಅಪ್ಪಾ, ಇತ್ತ ನೋಡು."

ಅವನು ಇತ್ತ ನೋಡಿದ. ಹಾಲು ಬೆಚ್ಚಗಿತ್ತು. ಅದು ಚಿತ್ರದಲ್ಲಿ ಬರುವಂಥದ್ದಲ್ಲ. ಅವಳ ಹಣೆಯ ಬಾಸಿಂಗದ ಕೆಳಗೆ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. ಅವನಿಗೂ ಕಣ್ಣು ತುಂಬಿತು. ಹಾಲು ಮುಗಿಯುವವರೆಗೆ ಅವನು ಇನ್ನೆಲ್ಲಿಯೂ ನೋಡಲಿಲ್ಲ. ಅಷ್ಟು ಹೊತ್ತು ಬಿಲ್ಲೆಯಾಗಲಿ ಬಿಸಿಲಾಗಲಿ ಅವನ ನೆನಪಿಗೆ ಬರಲಿಲ್ಲ.

ಆದರೆ ಹಾಲು ಮುಗಿದ ಮೇಲೆ ನೆನಪಾಯಿತು.

ಊಟದ ಹೊತ್ತಿಗೆ ಪೇಟೆಯವನು ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಹೋಳಿಗೆ ಹಾಗೇ ಇತ್ತು, ತುಪ್ಪ ಹೆಪ್ಪುಗಟ್ಟುತ್ತಿತ್ತು. ಕೋಟೆಯವನು ಬಡಿಸುತ್ತ ಅವನ ಮುಂದೆ ಬಂದಾಗ, "ಕೈ ತಿರುಗಿಬಿಡ್ತು ಕಣೋ. ಒಂದರಲ್ಲೂ ಕೈ ಹತ್ತಿರ ಬರಲಿಲ್ಲ" ಎಂದ.

"ಊಟ ಮಾಡು" ಎಂದ ಕೋಟೆಯವನು. ಅಷ್ಟೇ ಹೇಳಿ ಮುಂದಿನ ಎಲೆಗೆ ಹೋದ. ಬೈದಿದ್ದರೆ ಪೇಟೆಯವನು ಹೋಳಿಗೆ ತಿನ್ನುತ್ತಿದ್ದನೇನೋ.

ಮಗಳನ್ನು ಕಳಿಸಿಕೊಟ್ಟರು. ಮನೆ ಬಿಕೋ ಎಂದಿತು. ಕೋಟೆಯವನು ಕೆಲವು ದಿನ ಚಹಾದಂಗಡಿಯ ಕಡೆ ಸುಳಿಯಲಿಲ್ಲ. ಪೇಟೆಯವನು ಒಬ್ಬನೇ ಬಂದು, ಯಾರೊಡನೆಯೂ ಜಗಳವಾಡದೆ, ಚಹಾ ಕುಡಿದು ಹೋಗುತ್ತಿದ್ದ. ಕೋಟೆಯವನಿಗೆ ಗೆಳೆಯನ ಮೇಲೆ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು. ಪೇಟೆಯವನ ಕೈಗೆ ಅವನದೇ ಕ್ಯಾಮೆರಾ ಬಿಟ್ಟಿದ್ದರೆ ಚಿತ್ರ ಬರುತ್ತಿತ್ತು, ರವೆ ಬಿದ್ದರೆ ಬೀಳುತ್ತಿತ್ತು ಎಂದು ಮತ್ತೆ ಮತ್ತೆ ಅಂದುಕೊಂಡ. ಗೋಡೆಯ ಮೇಲಿನ ಖಾಲಿ ಮೊಳೆಯನ್ನು ನೋಡಲಾರದೆ ಅದಕ್ಕೊಂದು ಕ್ಯಾಲೆಂಡರ್ ತೂಗುಹಾಕಿದ.

ಕೊನೆಗೆ ಒಂದು ಬೆಳಿಗ್ಗೆ, ಹೇಗಾದರೂ ನೋಡಲೇಬೇಕಲ್ಲ ಎಂದು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದ.

ಅವನು ಹೆದರಿದ ಹಾಗೇ ಇತ್ತು. ಚಿತ್ರದ ತುಂಬ ಚಪ್ಪರ. ನಟ್ಟನಡುವೆ ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುವ ಹಾಲು ಮತ್ತು ಕೈಗಳು, ಸಣ್ಣದಾಗಿ. ಉಳಿದದ್ದೆಲ್ಲ ಬರಿ ಕಪ್ಪು. ಪೇಟೆಯವನು, ಇವನು ಹೇಳಿದ್ದ ಹಾಗೆ, ಹಾಲಿಗೇ ಬೆಳಕು ಹೊಂದಿಸಿದ್ದ. ಅದರಲ್ಲಿ ತಪ್ಪಿರಲಿಲ್ಲ.

ಕೋಟೆಯವನು ಕೈಗಳನ್ನು ದೊಡ್ಡದು ಮಾಡಿ ನೋಡಿದ. ದೊಡ್ಡ ಬಿಲ್ಲೆಯ ಪುಣ್ಯ, ಹಾಲಿನ ಹನಿಗಳೂ ಮಗಳ ಬಳೆಗಳೂ ಸ್ವಚ್ಛವಾಗಿಯೇ ಇದ್ದವು. ಸುತ್ತಲಿನ ಕತ್ತಲನ್ನು ಕತ್ತರಿಸಿ ಬಿಸಾಡಿದರೆ, ತಾನು ಬಯಸಿದ ಚಿತ್ರವೇ ಉಳಿಯುತ್ತದೆ. ಅವನಿಗೆ ಜೀವ ಬಂದ ಹಾಗಾಯಿತು. ಕೈಗಳ ಸುತ್ತ ಗೆರೆ ಎಳೆದ. ಇನ್ನೇನು ಕತ್ತರಿಸಬೇಕು.

ಆಗ ಹಳೆಯ ಚಾಳಿ ಕೈ ಹಿಡಿದು ನಿಲ್ಲಿಸಿತು. ಇಷ್ಟು ಕತ್ತಲು ಇಷ್ಟು ಬಿಸಿಲು ಒಂದೇ ಚಿತ್ರದಲ್ಲಿ ಇನ್ನೆಲ್ಲಿ ಸಿಕ್ಕೀತು? ಬಿಸಾಡುವ ಮೊದಲು ಬಿಲ್ಲೆಯ ತಾಕತ್ತನ್ನು ಒಮ್ಮೆ ನೋಡಿಬಿಡೋಣ ಎನ್ನಿಸಿತು. ನೆರಳನ್ನು ಮೇಲೆತ್ತಿದ.

ಕತ್ತಲು ತಿಳಿಯಾಗುತ್ತ ಬಂತು. ಮೊದಲು ಚಪ್ಪರದ ಕಂಬ ಎದ್ದಿತು, ಆಮೇಲೆ ಹೆಂಡತಿಯ ಸೆರಗು, ಆಮೇಲೆ ಪುರೋಹಿತರ ಶಲ್ಯ. ಮಗಳ ಪಕ್ಕದಲ್ಲಿ ಒಬ್ಬ ಮುದುಕ ಎದ್ದು ಬಂದ. ಕೋಟೆಯವನು ಮೊದಲು ಆ ಮುಖದಲ್ಲಿ ಕಾಳು ಎದ್ದಿದೆಯೇ ಎಂದು ಪರೀಕ್ಷಿಸಿದ. ಕಿವಿಯ ಹತ್ತಿರ ಸ್ವಲ್ಪ ಇತ್ತು, ಬೇರೆ ಕಡೆ ಇರಲಿಲ್ಲ. ತೃಪ್ತಿಯಾಯಿತು. ಆಮೇಲೆ, ಇದು ಯಾರು ಎಂದು ನೋಡಿದ.

ಪೇಟ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕೆನ್ನೆ ಒದ್ದೆಯಾಗಿತ್ತು. ಆ ಮುದುಕ ಎದುರಿನ ಜನವನ್ನಾಗಲಿ ಕ್ಯಾಮೆರಾವನ್ನಾಗಲಿ ನೋಡುತ್ತಿರಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದ. ಮಗಳು ಅವನ ಮುಖವನ್ನು ನೋಡುತ್ತಿದ್ದಳು.

ಕಾಫಿ ತಂದ ಹೆಂಡತಿ ಹಿಂದೆ ನಿಂತು ಇಣುಕಿದಳು. "ಯಾರ್ರೀ ಅದು? ತೀರಿಹೋದ ಮಾವನೋರ ಹಂಗೇ ಇದಾರಲ್ಲ" ಎಂದವಳು ಇನ್ನೂ ಬಗ್ಗಿ ನೋಡಿ, "ಅಯ್ಯೋ, ನೀವೇ ಕಣ್ರೀ!" ಎಂದಳು.

ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ಊರಿನ ನೆರಳನ್ನೆಲ್ಲ ಎತ್ತಿ ನೋಡಿದವನು ತನ್ನ ಮುಖವನ್ನು ಗುರುತು ಹಿಡಿಯಲಿಲ್ಲ. ಅವನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು. ಕೈಗಳ ಸುತ್ತ ಎಳೆದ ಗೆರೆಯನ್ನು ಅಳಿಸಿದ. ಚಿತ್ರವನ್ನು ಕತ್ತರಿಸದೆ ಹಾಗೇ ಉಳಿಸಿದ.

ಆ ಸಂಜೆ ಮದುವೆಯ ಚಿರೋಟಿಯನ್ನು ಡಬ್ಬಿಗೆ ಹಾಕಿಕೊಂಡು ಚಹಾದಂಗಡಿಗೆ ಹೋದ. ಪೇಟೆಯವನು ಮೂಲೆಯಲ್ಲಿ ಕುಳಿತಿದ್ದ. ಕೋಟೆಯವನು ಚಿತ್ರವನ್ನು ಅವನ ಮುಂದಿಟ್ಟ. ಪೇಟೆಯವನು ಬಹಳ ಹೊತ್ತು ನೋಡಿದ.

"ಇದನ್ನ ತೆಗೆದದ್ದು ನಿನ್ನ ಬಿಲ್ಲೆ. ನನ್ನದಾಗಿದ್ರೆ ಈ ಮುಖ ಕತ್ತಲಲ್ಲೇ ಉಳೀತಿತ್ತು" ಎಂದ.

"ಬಿಲ್ಲೆ ಏನು ಮಾಡುತ್ತೆ? ನಾನು ತೆಗೆದಿದ್ರೆ ಈ ಮುಖ ಚಿತ್ರದೊಳಗೇ ಇರ್ತಿರಲಿಲ್ಲ. ಇದನ್ನ ತೆಗೆದದ್ದು ನಿನ್ನ ಕೈ" ಎಂದ ಕೋಟೆಯವನು.

"ತಪ್ಪಿದ ಕೈ ಕಣೋ ಅದು."

"ತಪ್ಪೋ ಒಪ್ಪೋ, ಕೈ ನಿಂದು."

ಜಗಳ ಮತ್ತೆ ಶುರುವಾಯಿತು. ಮೊದಲು ನನ್ನದು ಮೇಲು, ನನ್ನದು ಮೇಲು ಎನ್ನುತ್ತಿದ್ದವರು, ಈಗ ನಿನ್ನದು ಮೇಲು, ನಿನ್ನದು ಮೇಲು ಎಂದು ಕೂಗಾಡಿದರು. ಚಹಾದಂಗಡಿಯವಳು ಬಂದು ಚಿರೋಟಿ ಮುರಿದು ಬಾಯಿಗೆ ಹಾಕಿಕೊಂಡು, ಚಿತ್ರದ ಕಡೆ ನೋಡಿ, "ಇದಕ್ಕೆ ಕ್ಯಾಮೆರಾ ಬೇಕು ಬಿಡಿ" ಎಂದಳು.

ಮಗಳು ಮೊದಲ ಸಲ ತವರಿಗೆ ಬಂದಾಗ ಗೋಡೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ಮುಷ್ಟಿಯ ಪಕ್ಕದಲ್ಲಿ ಧಾರೆಯ ಚಿತ್ರ ಇತ್ತು. ಅವಳು ಎರಡರ ಮುಂದೆಯೂ ನಿಂತಳು. ಒಂದರಲ್ಲಿ ಬೆರಳಷ್ಟು ಇದ್ದ ಅಪ್ಪ ಇನ್ನೊಂದರಲ್ಲಿ ಇಡಿಯಾಗಿ ಇದ್ದ. ಹೋಗುವಾಗ ಮುಷ್ಟಿಯನ್ನು ಅಪ್ಪನಿಗೇ ಬಿಟ್ಟು, ಧಾರೆಯ ಚಿತ್ರವನ್ನು ಸೆರಗಿನಲ್ಲಿ ಸುತ್ತಿ ತೆಗೆದುಕೊಂಡು ಹೋದಳು. ಮೊಳೆ ಮತ್ತೆ ಖಾಲಿಯಾಯಿತು. ಈ ಸಲ ಅದನ್ನು ನೋಡಿದರೆ ಕೋಟೆಯವನಿಗೆ ಸಂತೋಷವಾಗುತ್ತಿತ್ತು.

ರುದ್ರಯ್ಯನವರು ಕತೆ ನಿಲ್ಲಿಸಿದರು. ಓಬಳೇಶ ಉತ್ಸಾಹದಿಂದ ಮುಂದಕ್ಕೆ ಸರಿದು ಕುಳಿತ.

"ಅರ್ಥವಾಯ್ತು ಗುರುಗಳೇ. ಕೈಗೆ ಒಗ್ಗೋದೂ ಮುಖ್ಯವೇ. ಆದರೆ ಕೈಯನ್ನ ಆಮೇಲೆ ಒಗ್ಗಿಸಬಹುದು, ನೆರಳಲ್ಲಿ ಸೆನ್ಸರ್ ಹಿಡೀದೆ ಬಿಟ್ಟದ್ದನ್ನ ಆಮೇಲೆ ತರೋಕಾಗಲ್ಲ. ಹಾಗಾಗಿ ದೊಡ್ಡ ಸೆನ್ಸರಿನದನ್ನೇ ತಗೊಳ್ತೀನಿ" ಎಂದ. ಎಂದವನು ಲ್ಯಾಪ್‌ಟಾಪನ್ನು ಗುರುಗಳ ಕಡೆ ತಿರುಗಿಸಿ, ಎರಡು ಚಿತ್ರಗಳನ್ನೂ ಮತ್ತೆ ಅಕ್ಕಪಕ್ಕ ಇಟ್ಟ. "ನೀವೇ ನೋಡಿ, ವ್ಯತ್ಯಾಸ ಎಷ್ಟಿದೆ."

ರುದ್ರಯ್ಯನವರು ಕನ್ನಡಕವನ್ನು ಹಣೆಗೇರಿಸಿ ಒಂದು ಚಿತ್ರವನ್ನು ನೋಡಿದರು. ಇನ್ನೊಂದನ್ನೂ ಅಷ್ಟೇ ಹೊತ್ತು ನೋಡಿದರು.

"ಕಂಬಳಿ ಹಿಡಿದ ನಿಮ್ಮಪ್ಪ ಯಾವುದರಲ್ಲಿ ಚೆನ್ನಾಗಿ ಬಂದಿದ್ದಾರೆ?" ಎಂದು ಕೇಳಿದರು.

ಓಬಳೇಶ ಪರದೆಯ ಕಡೆ ಬಗ್ಗಿದ. ಎರಡರಲ್ಲೂ ಅಪ್ಪ ಇದ್ದದ್ದು ಬೆರಳಷ್ಟೇ.